ನಾಲ್ಕನೇ ನಂಬರಿನವನ ಮೊಣಕಾಲು

ಲಿಂಕೋಪಿಂಗ್
ಆಗಸ್ಟ್ 25, 2025

ಆರ್ಯನ್ ಕಂದಾ,

ಫೋನಿನಲ್ಲಿ ನೀನು ಹೂಂ, ಸರಿ, ಓಕೆ ಅಮ್ಮ ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದು ಆಡುವುದಿಲ್ಲ ಎಂದು ನಾನು, ನಾನು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತೇನೆ ಎಂದು ನೀನು ಜಗಳವಾಡಿದ ಮೇಲೆ ತಾನೇ ಈ ಕಾಗದದ ಒಪ್ಪಂದ ಆಗಿದ್ದು? ತಿಂಗಳಿಗೊಂದು, ಕನ್ನಡದಲ್ಲಿ, ಕೈಯಲ್ಲಿ ಬರೆದದ್ದು. ಜುಲೈ ತಿಂಗಳದ್ದು ಇನ್ನೂ ಬಂದಿಲ್ಲ. ಕಮಲಾ ಮೇಡಂ ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಆರು ವರ್ಷ ನಿನಗೂ ಇಳಾಗೂ ಅಕ್ಷರ ತಿದ್ದಿಸಿದ್ದು ಇದಕ್ಕೇನಾ ಎಂದು ಮೊನ್ನೆ ಸಿಕ್ಕಾಗ ಅವರೇ ಕೇಳಿದರು. ನಾನು ಅಂಚೆಯವರ ಮೇಲೆ ಹಾಕಿ ತಪ್ಪಿಸಿಕೊಂಡೆ.

ಶನಿವಾರ ಓರೆಬ್ರೂನಲ್ಲಿ ನಿನ್ನ ಆಟ ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಲುಲೆಯೊದಿಂದ ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಬಂದು, ತೊಂಬತ್ತು ನಿಮಿಷ ಆಡಿ, ನಮ್ಮ ಜೊತೆ ಹತ್ತು ನಿಮಿಷ ನಿಂತು, ಮತ್ತೆ ಅದೇ ಬಸ್ಸು ಹತ್ತಿದೆ. ಇಳಾ ಅದೇ ಊರಿನಲ್ಲಿದ್ದೂ ಆಸ್ಪತ್ರೆಯ ಡ್ಯೂಟಿ ಎಂದು ತಮ್ಮನ ಆಟಕ್ಕೆ ಬರಲಿಲ್ಲ. ಡಬ್ಬಿಯ ಪುಳಿಯೋಗರೆ ನೀನು ತಿಂದೆಯೋ, ನಿಮ್ಮ ಗೋಲ್‌ಕೀಪರಿಗೆ ಧಾರೆ ಎರೆದೆಯೋ?

"ಒಂದು ಗೋಲೂ ಆಗದ ಆಟಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂದರು ನಿಮ್ಮಪ್ಪ. "ಗೋಲು ಆಗದೆ ಇರೋ ಹಾಗೆ ನೋಡ್ಕೊಳ್ಳೋದೇ ಅವನ ಕೆಲಸ ಕಣ್ರೀ" ಎಂದೆ. ಮೂವತ್ತು ವರ್ಷ ಇಂಜಿನಿಯರ್ ಆಗಿರುವವರಿಗೆ ಇಷ್ಟು ಹೊಳೆಯಬೇಡವೇ?

ಅವರು ಕಾಫಿಯ ಸಾಲಿನಲ್ಲಿ ನಿಂತಿದ್ದಾಗ ನನ್ನ ಪಕ್ಕ ಒಬ್ಬ ಮನುಷ್ಯ ಬಂದು ಕೂತ. ಅರವತ್ತರ ಆಸುಪಾಸು, ಬೂದು ಟೋಪಿ, ತೊಡೆಯ ಮೇಲೆ ಪುಟ್ಟ ನೋಟ್‌ಬುಕ್ಕು. ನಾನು "ಆರ್ಯನ್, ಹುಷಾರು" ಎಂದು ಎರಡು ಸಲ ಕೂಗಿದ್ದೆನಲ್ಲ, ನಾಲ್ಕನೇ ನಂಬರಿನವನು ನಿಮ್ಮ ಮಗನೇ ಎಂದು ಕೇಳಿದ. ಹೌದೆಂದೆ. ಶುರು ಮಾಡಿದ ನೋಡು. ಎಷ್ಟು ಶಾಂತವಾಗಿ ಆಡುತ್ತಾನೆ, ಎಂಥ ಗಟ್ಟಿ ಕಾಲು, ಈ ದರ್ಜೆಯಲ್ಲಿ ಇಂಥ ಡಿಫೆಂಡರನ್ನು ನೋಡಿ ಬಹಳ ದಿನವಾಯಿತು, ಇನ್ನೂ ಹತ್ತು ವರ್ಷ ಆಡುತ್ತಾನೆ ಎಂದ. ಮಗು ಕಣ್ಣೆದುರಿಗೆ ಓಡಾಡುತ್ತಿರುವಾಗ ಯಾರಾದರೂ ಹಾಗೆ ಬಾಯಿ ತುಂಬ ಹೊಗಳುತ್ತಾರೆಯೇ? ಅದೂ ಕಾಲನ್ನು?

ತಕ್ಷಣ ಅಡ್ಡ ಬಾಯಿ ಹಾಕಿದೆ. ಅಯ್ಯೋ ಇಲ್ಲ, ಅವನ ಎಡ ಮೊಣಕಾಲು ಸರಿಯಿಲ್ಲ, ಪ್ರತಿ ಆಟ ಆದ ಮೇಲೂ ಊದಿಕೊಳ್ಳುತ್ತದೆ, ಐಸ್ ಇಟ್ಟುಕೊಂಡು ಕೂರುತ್ತಾನೆ, ಅವನಿಗೂ ಸಾಕಾಗಿದೆ, ಈ ವರ್ಷ ಮುಗಿಸಿ ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾನೆ ಎಂದೆ. ಒಂದೇ ಉಸಿರಿನಲ್ಲಿ ಅಷ್ಟು ಸ್ವೀಡಿಷ್ ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಆತ ತಲೆಯಾಡಿಸಿದ, ಆಮೇಲೆ ಹೊಗಳಲೇ ಇಲ್ಲ. ತುಂಬ ಸಭ್ಯ ಮನುಷ್ಯ, ತನ್ನ ಫ್ಲಾಸ್ಕಿನಿಂದ ನನಗೂ ಕಾಫಿ ಹಾಕಿಕೊಟ್ಟ.

ಬೈಯಬೇಡ. ನಿನ್ನ ಮೊಣಕಾಲು ಕಲ್ಲುಗುಂಡಿನ ಹಾಗಿದೆ ಎಂದು ನನಗೆ ಗೊತ್ತಿಲ್ಲವೇ? ಇದನ್ನು ಬರೆದದ್ದಕ್ಕೇ ಈಗ ಎದ್ದುಹೋಗಿ ನಿನ್ನ ಫೋಟೋಗೆ ಉಪ್ಪು ನಿವಾಳಿಸಿ ಬಂದೆ. ಸಾರಿನ ಪುಡಿ ಬೇರೆ ಪಾರ್ಸೆಲ್‌ನಲ್ಲಿ ಬರುತ್ತದೆ.

ನಿನ್ನ
ಅಮ್ಮ


ಲುಲೆಯೊ
ಸೆಪ್ಟೆಂಬರ್ 7, 2025

ಅಮ್ಮಾ,

ಕಾಗದ ಬಂತು. ನಾಲ್ಕು ಪುಟ. ನಾನು ಕನ್ನಡ ಓದುವ ವೇಗ ನಿನಗೆ ಗೊತ್ತು, ಅದರಲ್ಲೂ ನಿನ್ನ ಕೈಬರಹ. ಪುಳಿಯೋಗರೆಯವರೆಗೆ ಬಂದಿದ್ದೇನೆ. ಉಳಿದದ್ದನ್ನು ಮುಂದಿನ ಊರಿನ ಬಸ್ಸಿನಲ್ಲಿ ಓದುತ್ತೇನೆ. ಪುಳಿಯೋಗರೆ ನಾನೇ ತಿಂದೆ.

ಒಂದು ವಿಷಯ ಹೇಳಬೇಕು. ಅಪ್ಪನಿಗೂ ಹೇಳಬೇಡ, ಕನ್ನಡ ಕೂಟದಲ್ಲಂತೂ ಬೇಡವೇ ಬೇಡ.

ಎರಡನೇ ದರ್ಜೆಯ ಒಂದು ಕ್ಲಬ್ಬು ನನ್ನನ್ನು ಕೇಳುತ್ತಿದೆಯಂತೆ. ದಕ್ಷಿಣದ್ದು, ನಾವು ಈಗ ಆಡುತ್ತಿರುವುದಕ್ಕಿಂತ ಒಂದು ದರ್ಜೆ ಮೇಲಿನದು. ಮೂರು ವರ್ಷದ ಕಾಂಟ್ರಾಕ್ಟು. ಅವರ ಕಡೆಯವರು ಒಬ್ಬರು ಆಗಲೇ ಬಂದು ನನ್ನ ಆಟ ನೋಡಿ ಹೋಗಿದ್ದಾರೆ ಎಂದು ನನ್ನ ಏಜೆಂಟ್ ಹೇಳಿದ. ಯಾವ ಮ್ಯಾಚಿಗೆ ಬಂದಿದ್ದರು ಎಂದು ಅವನಿಗೂ ಗೊತ್ತಿಲ್ಲ. ಇಷ್ಟವಾಗಿದೆ ಎಂದರಂತೆ. ಸೀಸನ್ ಮುಗಿಯುವ ಮೊದಲು ತಿಳಿಸುತ್ತಾರೆ.

ನಿನಗೆ ಇದು ಎಷ್ಟು ದೊಡ್ಡದು ಎಂದು ಹೇಗೆ ಹೇಳಲಿ? ಹತ್ತೊಂಬತ್ತಕ್ಕೆ ಐರ್ಲೆಂಡಿಗೆ ಆಡಲು ಹೋದೆ. ನಾಲ್ಕು ವರ್ಷ, ಮೂರು ಕ್ಲಬ್ಬು, ಮೂರೂ ಕೆಳದರ್ಜೆಯವು. ನಾನು ಹುಟ್ಟಿದ್ದು ಅಲ್ಲೇ, ಪಾಸ್‌ಪೋರ್ಟು ಅಲ್ಲಿಯದೇ, ಆದರೂ ಅಲ್ಲಿ ನನ್ನನ್ನು ಸ್ವೀಡನ್ನಿನವನು ಎಂದೇ ಕರೆದರು. ಇಲ್ಲಿಗೆ ಬಂದರೆ ಐರ್ಲೆಂಡಿನವನು ಎನ್ನುತ್ತಾರೆ. ಈಗ ಬೆಳಗ್ಗೆ ಆಟದ ಸಾಮಾನಿನ ಅಂಗಡಿಯಲ್ಲಿ ಮಕ್ಕಳ ಕಾಲಿಗೆ ಶೂ ಹಾಕಿ, ಮಧ್ಯಾಹ್ನ ಪ್ರಾಕ್ಟೀಸಿಗೆ ಹೋಗುತ್ತೇನೆ. ಆ ಕ್ಲಬ್ಬಿನಲ್ಲಿ ಆಡುವುದೊಂದೇ ಕೆಲಸ. ನನಗೆ ಇಪ್ಪತ್ತಾರು, ಅಮ್ಮ. ಮೇಲಿನವರು ಇಪ್ಪತ್ತಾರರ ಡಿಫೆಂಡರನ್ನು ಒಂದು ಸಲ ಕೇಳಿದರೆ ಅದೇ ಹೆಚ್ಚು. ಎರಡನೇ ಸಲ ಕೇಳುವುದಿಲ್ಲ.

ಇದು ಜುಲೈ ಮತ್ತು ಆಗಸ್ಟ್ ಎರಡರ ಕಾಗದ ಎಂದು ಇಟ್ಟುಕೋ.

ಆರ್ಯನ್


ಲಿಂಕೋಪಿಂಗ್
ಸೆಪ್ಟೆಂಬರ್ 21, 2025

ಕಂದಾ,

ಯಾರಿಗೂ ಹೇಳಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ನಿಮ್ಮಪ್ಪನ ಎದುರು ಕೂತು ಊಟ ಮಾಡುವಾಗ ನಗು ಬಂದು, "ಏನೇ ನಿಂಗೆ ಇವತ್ತು?" ಎಂದು ಕೇಳಿದರು. ಸಾರು ಚೆನ್ನಾಗಿದೆ ಎಂದೆ. ಅವತ್ತು ಸಾರಿಗೆ ಉಪ್ಪೇ ಹಾಕಿರಲಿಲ್ಲ.

ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಹೋಗಿದ್ದೆವು. ಲಾವಣ್ಯಾ ಅವರು ನಿನ್ನ ಬಗ್ಗೆ ಕೇಳಿದರು. "ಏನೋ ಆಡ್ಕೊಂಡಿದಾನೆ ಬಿಡಿ, ಇನ್ನೂ ಒಂದು ನೆಲೆ ಇಲ್ಲ" ಎಂದೆ. ಅವರು ಅಯ್ಯೋ ಪಾಪ ಎಂದರು. ಎನ್ನಲಿ. ಅವರ ಮರುಕ ನಿನಗೆ ಅಂಟುವುದಿಲ್ಲ, ಹೊಗಳಿಕೆ ಅಂಟುತ್ತದೆ.

ನೀನು ಇದನ್ನೆಲ್ಲ ಮೂಢನಂಬಿಕೆ ಎನ್ನುತ್ತೀಯ. ಅನ್ನು. ಆದರೆ ನಿನಗೆ ಹದಿನಾರಾಗಿದ್ದಾಗ ಐರ್ಲೆಂಡಿನ ಹುಡುಗರ ತಂಡದ ಕ್ಯಾಂಪಿಗೆ ಕರೆ ಬಂದಿತ್ತಲ್ಲ, ಆ ಪತ್ರವನ್ನು ರಾಜ್ಯೋತ್ಸವದ ದಿನ ಮೈಕಿನಲ್ಲಿ ಓದಿದವಳು ನಾನು. ನೂರು ಜನ ಚಪ್ಪಾಳೆ ತಟ್ಟಿದರು. ನಾಲ್ಕನೇ ದಿನ ನಿನ್ನ ಎಡ ಮೊಣಕಾಲಿನ ಲಿಗಮೆಂಟು ಹರಿಯಿತು. ಒಂಬತ್ತು ತಿಂಗಳು ಮನೆಯಲ್ಲಿ ಬಿದ್ದುಕೊಂಡೆ, ಅಷ್ಟರಲ್ಲಿ ಅವರು ನಿನ್ನ ಹೆಸರು ಮರೆತರು. ಡಾಕ್ಟರು ಕಾಲನ್ನು ಹೊಸದರ ಹಾಗೆ ಮಾಡಿಕೊಟ್ಟರು, ನಿಜ. ಆದರೆ ಆ ದಿನದಿಂದ ನಾನು ಯಾರೆದುರೂ ನಿನ್ನನ್ನು ಹೊಗಳಿಲ್ಲ, ಯಾರಿಗೂ ಹೊಗಳಲು ಬಿಟ್ಟಿಲ್ಲ. ನಿನ್ನೆದುರು ಕೂಡ ಚೆನ್ನಾಗಿ ಆಡಿದೆ ಎಂದು ಒಂದು ದಿನವೂ ಅಂದಿಲ್ಲ. ಅದು ನಿನಗೆ ನೋವಾಗುತ್ತದೆ ಎಂದು ಇಳಾ ಒಮ್ಮೆ ನನ್ನ ಹತ್ತಿರ ಜಗಳವಾಡಿದಳು. ನೋವಾದರೆ ಆಗಲಿ, ಕಾಲು ಗಟ್ಟಿಯಾಗಿರಲಿ ಎಂದುಕೊಂಡೆ.

ಈ ಸಲ ಆಗುತ್ತದೆ. ಮನಸ್ಸು ಹೇಳುತ್ತಿದೆ.

ನಿನ್ನ
ಅಮ್ಮ


ಲುಲೆಯೊ
ಅಕ್ಟೋಬರ್ 12, 2025

ಇಳಾ,

ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಗಬೇಡ. ಮೊದಲು ಸ್ವೀಡಿಷ್‌ನಲ್ಲೇ ಬರೆದೆ. ಅದರಲ್ಲಿ ಅಮ್ಮ ಯಾರೋ ಬೇರೆ ಹೆಂಗಸಿನ ಹಾಗೆ ಕಂಡಳು, ಮಗನ ಬಾಳು ಕೆಡಿಸಿದ ಹೆಂಗಸು. ಹರಿದು ಹಾಕಿದೆ.

ಇದರ ಜೊತೆ ಅಮ್ಮನ ಆಗಸ್ಟ್ ಕಾಗದದ ಎರಡು ಪುಟ ಇಟ್ಟಿದ್ದೇನೆ. ನನಗಿಂತ ನೀನು ಚೆನ್ನಾಗಿ ಓದುತ್ತೀಯ. ನಾನು ತಪ್ಪಾಗಿ ಓದಿದ್ದೇನೆ ಎಂದು ಒಂದು ಸಾಲು ಬರೆದು ಕಳಿಸು, ಸಾಕು.

ಎರಡನೇ ದರ್ಜೆಯ ಕ್ಲಬ್ಬಿನ ವಿಷಯ ನಿನಗೆ ಹೇಳಿದ್ದೆನಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಏಜೆಂಟ್ ಫೋನ್ ಮಾಡಿದ. "ನಿನ್ನ ಮೊಣಕಾಲು ಊದುತ್ತೆ ಅಂತ ನನಗೆ ಯಾಕೆ ಹೇಳಲಿಲ್ಲ?" ಎಂದ. ಊದುವುದಿಲ್ಲ ಎಂದೆ. "ಈ ವರ್ಷ ಆಟ ಬಿಡ್ತಾನಂತೆ ಅಂತಾನೂ ಹೇಳ್ತಿದಾರೆ" ಎಂದ. ಯಾರು ಹೇಳಿದ್ದು ಎಂದರೆ, ಮನೆಯವರಿಂದಲೇ ತಿಳಿದದ್ದು ಎಂದರಂತೆ. ನಾನು ಮಾರನೇ ದಿನವೇ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಕಾಲಿನಲ್ಲಿ ಏನೂ ಇಲ್ಲ. ಅವರೂ ಒಪ್ಪಿದರು. ಆದರೆ ಆಟ ಬಿಡುವ ಮನಸ್ಸಿರುವವನಿಗೆ ಮೂರು ವರ್ಷ ಕೊಡಲಾಗುವುದಿಲ್ಲ ಎಂದರು. ಮನಸ್ಸನ್ನು ಯಾವ ಮಿಷನ್ನಿನಲ್ಲಿ ಸ್ಕ್ಯಾನ್ ಮಾಡಿಸಲಿ?

ಮನೆಯವರು ಎಂದರೆ ಯಾರು ಎಂದು ತಲೆ ಕೆಟ್ಟುಹೋಯಿತು. ನಮ್ಮ ಗೋಲ್‌ಕೀಪರ್ ಏನೋ ಹೇಳಿರಬೇಕು ಎಂದು ಹತ್ತು ದಿನ ಅವನ ಜೊತೆ ಮಾತು ಬಿಟ್ಟೆ. ಪಾಪ, ಅವನು ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದಿದ್ದ. ನಿನ್ನೆ ಬಸ್ಸಿನಲ್ಲಿ ಚೀಲದ ತಳದಲ್ಲಿ ಅಮ್ಮನ ಹಳೆಯ ಕಾಗದ ಸಿಕ್ಕಿತು. ಅರ್ಧ ಓದಿ ಬಿಟ್ಟಿದ್ದೆ. ಪಕ್ಕದಲ್ಲಿ ಅವನೇ ಕೂತಿದ್ದ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಬೂದು ಟೋಪಿ, ನೋಟ್‌ಬುಕ್ಕು, ಎಡ ಮೊಣಕಾಲು.

ಅಮ್ಮನಿಗೆ ಏನೂ ಹೇಳಬೇಡ. ಅವಳಿಗೆ ಗೊತ್ತಾದರೆ ಎದ್ದು ನಿಲ್ಲುವುದಿಲ್ಲ.

ಆರ್ಯನ್


ಓರೆಬ್ರೂ
ಅಕ್ಟೋಬರ್ 18, 2025

ಆರ್ಯನ್,

ನೀನು ಸರಿಯಾಗಿಯೇ ಓದಿದ್ದೀಯ. ಮೂರು ಸಲ ನೋಡಿದೆ, ಬೇರೆ ಅರ್ಥ ಬರಲಿ ಎಂದು. ಬರಲಿಲ್ಲ.

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ. ಆ ಕ್ಲಬ್ಬಿಗೆ ಫೋನ್ ಮಾಡಿ ಆ ಮನುಷ್ಯನನ್ನೇ ಹಿಡಿದೆ. ವಾರ್ಡಿನ ಕಾಫಿ ಕುಡಿಯುವ ಕೋಣೆಯಲ್ಲಿ ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ನಮ್ಮ ಕಡೆ ಮಕ್ಕಳನ್ನು ಹೊಗಳಿದರೆ ತಾಯಂದಿರು ಹೀಗೆ ಇಲ್ಲದ ಕುಂದು ಹೇಳುತ್ತಾರೆ, ಕೆಟ್ಟ ಕಣ್ಣು ಬೀಳದಿರಲಿ ಎಂದು, ಅದನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡ.

"ಅಂದ್ರೆ ನಿಮ್ಮ ತಾಯಿ ನನಗೆ ಸುಳ್ಳು ಹೇಳಿದ್ರಾ?" ಎಂದ.

"ಸುಳ್ಳಲ್ಲ" ಎಂದೆ.

"ಹಾಗಾದ್ರೆ ನಿಜಾನಾ?"

ಇದಕ್ಕೆ ಏನು ಉತ್ತರ ಕೊಡಬೇಕಿತ್ತು, ನೀನೇ ಹೇಳು. ನಾನು ತಡವರಿಸಿದೆ. ತಮ್ಮನಿಗೆ ಕೆಲಸ ಕೊಡಿಸಲು ಅಕ್ಕ ಕತೆ ಕಟ್ಟುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು, ಅದು ದನಿಯಲ್ಲೇ ಗೊತ್ತಾಯಿತು. ಜಾಗ ತುಂಬಿದೆ ಎಂದ. ಇಪ್ಪತ್ತೊಂದರ ಹುಡುಗನಂತೆ. ಕೊನೆಗೆ ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ, ಮಗನ ಬಗ್ಗೆ ಅಷ್ಟು ಪ್ರಾಮಾಣಿಕವಾಗಿ ಮಾತಾಡುವ ತಾಯಿಯನ್ನು ನಾನು ನೋಡಿಯೇ ಇಲ್ಲ ಎಂದ. ಫೋನ್ ಇಟ್ಟ ಮೇಲೆ ನಕ್ಕೆನೋ ಅತ್ತೆನೋ ತಿಳಿಯದು.

ಅಮ್ಮನಿಗೆ ಹೇಳುವುದಿಲ್ಲ. ಆದರೆ ನನಗೆ ಸಿಟ್ಟಿದೆ, ಆರ್ಯನ್. ನಿನಗೆ ಯಾಕೆ ಬರುವುದಿಲ್ಲ?

ಇಳಾ


ಲುಲೆಯೊ
ನವೆಂಬರ್ 9, 2025

ಅಮ್ಮಾ,

ನೀನು ಮೂರು ಸಲ ಫೋನಿನಲ್ಲಿ ಕೇಳಿದೆ, ನಾನು ಮೂರು ಸಲವೂ ಆಮೇಲೆ ಹೇಳುತ್ತೇನೆ ಎಂದೆ. ಈಗ ಬರೆಯುತ್ತಿದ್ದೇನೆ. ಆ ಕ್ಲಬ್ಬಿನದು ಆಗಲಿಲ್ಲ. ಅವರು ಚಿಕ್ಕ ವಯಸ್ಸಿನವನೊಬ್ಬನನ್ನು ತೆಗೆದುಕೊಂಡರು. ಹೀಗೆ ಆಗುತ್ತಿರುತ್ತದೆ.

ಇಲ್ಲಿನ ಕ್ಲಬ್ಬೂ ಕಾಂಟ್ರಾಕ್ಟನ್ನು ಮುಂದುವರಿಸುವುದಿಲ್ಲ ಎಂದಿತು. ಕೋಚು ನನ್ನನ್ನು ಕೂರಿಸಿಕೊಂಡು, ದಾಲ್ಚಿನ್ನಿ ಬನ್ನು ಕೊಟ್ಟು, ನನ್ನಲ್ಲಿರುವ ಒಳ್ಳೆಯ ಗುಣಗಳನ್ನೆಲ್ಲ ಹೇಳಿದ. ಇಲ್ಲಿಯವರು ಒಳ್ಳೆಯ ಗುಣಗಳನ್ನು ಹೇಳಲು ಶುರು ಮಾಡಿದರೆ ಕೆಲಸ ಹೋಯಿತು ಎಂದೇ ಅರ್ಥ. ತಿಂಗಳ ಕೊನೆಗೆ ಎಲ್ಲ ಮುಗಿಯುತ್ತದೆ.

ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲಾಗುತ್ತಿದೆ. ಅಂಗಡಿಯಲ್ಲಿ ಪೂರ್ತಿ ದಿನ ಬಾ ಎಂದಿದ್ದಾರೆ. ನೀನು ಯೋಚನೆ ಮಾಡಬೇಡ.

ಆರ್ಯನ್


ಲಿಂಕೋಪಿಂಗ್
ನವೆಂಬರ್ 23, 2025

ಆರ್ಯನ್,

ಹೋದ ಭಾನುವಾರ ಇಳಾ ಬಂದಿದ್ದಳು. ಕಮಲಾ ಮೇಡಂ ಅವರನ್ನೂ ಊಟಕ್ಕೆ ಕರೆದಿದ್ದೆ. ಇಳಾಗೆ ವಾರ್ಡಿನ ಜವಾಬ್ದಾರಿ ಕೊಟ್ಟಿದ್ದಾರಲ್ಲ, ಅದಕ್ಕೆ ಮೇಡಂ ತುಂಬ ಸಂತೋಷಪಟ್ಟು ಹೊಗಳಿದರು. ನಾನು ಎಂದಿನಂತೆ, "ಅಯ್ಯೋ, ಇವಳಾ? ಡ್ಯೂಟಿಲಿ ನಿದ್ದೆ ಹೊಡೀತಾಳೆ, ಎಷ್ಟು ದಿನ ಇಟ್ಕೋತಾರೋ ನೋಡ್ಬೇಕು" ಎಂದೆ.

ಇಳಾ ತಟ್ಟೆಯನ್ನು ತಳ್ಳಿದಳು. "ಸಾಕು ಮಾಡಮ್ಮ. ಒಬ್ಬನದ್ದು ಮುಗಿಸಿದೆಯಲ್ಲ" ಎಂದಳು. ಎದ್ದು ಕೋಟು ಹಾಕಿಕೊಂಡು ಹೊರಟೇಹೋದಳು. ಮೇಡಂ ಚಪಾತಿಯನ್ನು ತುಂಡು ಮಾಡುತ್ತಲೇ ಇದ್ದರು, ತಿನ್ನಲಿಲ್ಲ. ನಿಮ್ಮಪ್ಪ ಏನು ಏನು ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು ಎಂದೆ. ಆಗ ನಿಜವಾಗಿಯೂ ಗೊತ್ತಿರಲಿಲ್ಲ.

ಒಂದು ವಾರ ಅದನ್ನೇ ಯೋಚಿಸಿದೆ. ಒಬ್ಬನದ್ದು ಎಂದರೆ ನಿನ್ನದು. ನಿನ್ನದು ನಾನೇನು ಮುಗಿಸಿದೆ? ನಿನ್ನ ಸೆಪ್ಟೆಂಬರ್ ಕಾಗದ ತೆಗೆದು ಓದಿದೆ. ಅವರ ಕಡೆಯವರು ಆಗಲೇ ಬಂದು ನೋಡಿದ್ದಾರೆ ಎಂದು ಬರೆದಿದ್ದೆ. ಆಟ ನೋಡಲು ಬಂದವನು ನೋಟ್‌ಬುಕ್ಕು ಯಾಕೆ ತರುತ್ತಾನೆ ಎಂದು ನನಗೆ ಅವತ್ತು ಯಾಕೆ ಹೊಳೆಯಲಿಲ್ಲ?

ಒಂದೇ ಮಾತು ಕೇಳುತ್ತೇನೆ. ಆ ಮನುಷ್ಯ ಅವನೇನಾ? ಹೌದು ಅಥವಾ ಅಲ್ಲ, ಎರಡರಲ್ಲಿ ಒಂದನ್ನು ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ನೀನು ನನ್ನನ್ನು ಸಮಾಧಾನ ಮಾಡುತ್ತೀಯ.

ಅಮ್ಮ


ಲುಲೆಯೊ
ಡಿಸೆಂಬರ್ 1, 2025

ಅಮ್ಮಾ,

ಹೌದು, ಅವನೇ.

ಆದರೆ ಪೂರ್ತಿ ಓದು, ನನ್ನ ಹಾಗೆ ಅರ್ಧಕ್ಕೆ ಬಿಡಬೇಡ. ನೀನು ಅವನಿಗೆ ಹೇಳಿದ್ದು ನಿಜ. ಸುಳ್ಳು ಹೇಳಿದೆ ಎಂದು ನೀನು ಅಂದುಕೊಂಡಿದ್ದೀಯ, ಅಷ್ಟೇ. ನನ್ನ ಎಡ ಮೊಣಕಾಲು ಎರಡು ವರ್ಷದಿಂದ ನೋಯುತ್ತಿದೆ. ಆಟ ಮುಗಿದ ಮೇಲೆ ಊದಿಕೊಳ್ಳುತ್ತದೆ, ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುತ್ತದೆ. ಯಾರಿಗೂ ಹೇಳಿರಲಿಲ್ಲ. ಆ ಕ್ಲಬ್ಬಿಗೆ ಹೋಗಿದ್ದರೆ ಮೂರನೇ ತಿಂಗಳಲ್ಲಿ ಗೊತ್ತಾಗಿ ಮಾನ ಹೋಗುತ್ತಿತ್ತು. ನೀನು ಅದನ್ನು ತಪ್ಪಿಸಿದೆ. ಅಮ್ಮಂದಿರಿಗೆ ಹೇಳದೆಯೂ ಗೊತ್ತಾಗುತ್ತದೆ ಎನ್ನುತ್ತಾರಲ್ಲ, ಹಾಗೆಯೇ ಆಯಿತು.

ಆಟ ಬಿಡುತ್ತಿದ್ದೇನೆ. ಅದನ್ನೂ ನೀನೇ ಮೊದಲು ಹೇಳಿದ್ದು. ಕ್ರಿಸ್‌ಮಸ್ ರಜೆಗೆ ಹತ್ತು ದಿನ ಮನೆಗೆ ಬರುತ್ತೇನೆ.

ಇಳಾ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳಿಗೆ ಕಾಲಿನ ವಿಷಯ ಗೊತ್ತಿರಲಿಲ್ಲ.

ಆರ್ಯನ್


ಲುಲೆಯೊ
ಡಿಸೆಂಬರ್ 2, 2025

ಇಳಾ,

ಅಮ್ಮನಿಗೆ ಕಾಲು ನಿಜವಾಗಿಯೂ ನೋಯುತ್ತದೆ ಎಂದು ಬರೆದಿದ್ದೇನೆ. ನಿನ್ನನ್ನು ಕೇಳಿದರೆ ನೀನೂ ಹಾಗೆಯೇ ಹೇಳು. ನರ್ಸು ಹೇಳಿದರೆ ನಂಬುತ್ತಾಳೆ.

ಐರ್ಲೆಂಡಿನ ನನ್ನ ಹಳೆಯ ಮ್ಯಾನೇಜರ್ ನಿನ್ನೆ ಫೋನ್ ಮಾಡಿದ್ದ. ಜನವರಿ ಹನ್ನೆರಡಕ್ಕೆ ಬಂದು ಒಂದು ವಾರ ಅವರ ಜೊತೆ ಆಡಿ ತೋರಿಸು, ಒಂದು ಸೀಸನ್ನಿಗಾದರೂ ತೆಗೆದುಕೊಳ್ಳುತ್ತೇನೆ ಎಂದ. ಅಮ್ಮನ ಕಾಗದ ನನ್ನ ಜೇಬಿನಲ್ಲೇ ಇತ್ತು. ಬರುವುದಿಲ್ಲ ಎಂದೆ. ನಾನು ಮತ್ತೆ ಆಡಿದರೆ ಕಾಲಿಗೆ ಏನೂ ಆಗಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಕಾಲಿಗೆ ಏನೂ ಆಗಿಲ್ಲವಾದರೆ ಕಾರಣವಾಗಿ ಉಳಿಯುವುದು ಅವಳ ಮಾತು ಒಂದೇ.

ಸಿಟ್ಟು ಯಾಕೆ ಬರುವುದಿಲ್ಲ ಎಂದು ಕೇಳಿದ್ದೆ. ಬರುತ್ತದೆ. ಆದರೆ ಹನ್ನೆರಡು ಗಂಟೆಯ ಬಸ್ಸು, ಇನ್ನೊಬ್ಬರ ಜೊತೆ ಹಂಚಿಕೊಂಡ ರೂಮು, ಪ್ರತಿ ನವೆಂಬರ್‌ನಲ್ಲಿ ಒಂದು ಬನ್ನು. ಆಟ ಬಿಡುವ ಮನಸ್ಸು ನನಗೆ ಇರಲೇ ಇಲ್ಲ ಎಂದು ಆಣೆ ಮಾಡು ಎಂದರೆ ಮಾಡಲಾರೆ. ಅವಳು ಅದನ್ನು ನನ್ನಲ್ಲಿ ಎಲ್ಲೋ ನೋಡಿದ್ದಳೇನೋ.

ಇದಕ್ಕೆ ಉತ್ತರ ಬರೆಯಬೇಡ.

ಆರ್ಯನ್


ಲಿಂಕೋಪಿಂಗ್
ಜನವರಿ 18, 2026

ಕಂದಾ,

ನೀನು ಹೊರಟು ಹದಿನೈದು ದಿನವಾಯಿತು. ನೀನು ಮಲಗುತ್ತಿದ್ದ ಕೋಣೆಯನ್ನು ಇವತ್ತು ಗುಡಿಸಿದೆ.

ನಿನ್ನ ಕಾಲಿನ ವಿಷಯ ಕೂಟದಲ್ಲಿ ಎಲ್ಲರಿಗೂ ಹೇಳಿದ್ದೇನೆ. ಎರಡು ವರ್ಷದಿಂದ ನೋವು ನುಂಗಿಕೊಂಡು ಆಡುತ್ತಿದ್ದ, ಇನ್ನು ಆಗುವುದಿಲ್ಲ ಎಂದು ಬಿಟ್ಟ ಎಂದೆ. ಎಲ್ಲರೂ ಒಪ್ಪಿದರು. ಕೂಟದ ಸುದರ್ಶನ್ ತನ್ನ ಬೆನ್ನುನೋವಿನ ಕತೆ ಹೇಳಿದ. ಇಳಾ ಕೂಡ ಫೋನಿನಲ್ಲಿ ಮೊಣಕಾಲಿನ ಬಗ್ಗೆ ಪುಸ್ತಕ ನೋಡಿಕೊಂಡು ಓದಿದ ಹಾಗೆ ಹೇಳಿದಳು. ಅವಳಿಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಉಸಿರು ತೆಗೆದುಕೊಳ್ಳಲು ಮರೆತುಹೋಗುತ್ತದೆ.

ಹತ್ತು ದಿನ ಸಂಜೆ ನಿನ್ನ ಕಾಲಿಗೆ ಎಣ್ಣೆ ಕಾಯಿಸಿ ತಿಕ್ಕಿದೆ. ಹದಿನಾರರಲ್ಲಿ ಒಂಬತ್ತು ತಿಂಗಳು ತಿಕ್ಕಿದ ಕಾಲು ಅದು. ಆಗ ಎಲ್ಲಿ ಮುಟ್ಟಿದರೆ ಬಿಗಿಯುತ್ತಿತ್ತು, ಎಲ್ಲಿ ನೀರು ನಿಲ್ಲುತ್ತಿತ್ತು ಎಂದು ನನ್ನ ಕೈಗೆ ಇವತ್ತಿಗೂ ಗೊತ್ತು. ಈ ಸಲ ನಾನು ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತಿದ್ದೆ, ನೀನು ಒತ್ತಿದಲ್ಲೆಲ್ಲ ಆಹ್ ಎನ್ನುತ್ತಿದ್ದೆ. ನಿಮ್ಮಪ್ಪ ಪೇಪರಿನಿಂದ ತಲೆ ಎತ್ತಿ, "ಸ್ವಲ್ಪ ಮೆಲ್ಲಗೆ ತಿಕ್ಕೇ, ಅವನಿಗೆ ನೋಯುತ್ತೆ" ಎನ್ನುತ್ತಿದ್ದರು. ಮೆಲ್ಲಗೆ ತಿಕ್ಕಿದೆ.

ಇದರ ಮೇಲೆ ನಾನು ಏನೂ ಕೇಳುವುದಿಲ್ಲ. ನೀನು ಬರೆದದ್ದೇ ನಿಜ ಎಂದು ಇಟ್ಟುಕೊಳ್ಳುತ್ತೇನೆ. ಇನ್ನು ನೀನು ಮನೆಗೆ ಬಂದಾಗಲೆಲ್ಲ ಎಣ್ಣೆ ಕಾಯಿಸುತ್ತೇನೆ, ನೀನು ಕಾಲು ಚಾಚಬೇಕು. ಬೇಡ ಎನ್ನಬಾರದು. ಅಷ್ಟನ್ನಾದರೂ ನನಗೆ ಮಾಡಲು ಬಿಡು.

ಒಂದು ಮಾತು ಮಾತ್ರ ಬರೆಯಬೇಕು. ಆ ದಿನ ಓರೆಬ್ರೂನಲ್ಲಿ, ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ, ಅವರ ಎತ್ತರದ ಹುಡುಗ ಚೆಂಡು ತೆಗೆದುಕೊಂಡು ನಿಮ್ಮ ಗೋಲಿನ ಕಡೆ ಬಂದ. ಎಲ್ಲರೂ ಅವನ ಹಿಂದೆ ಓಡಿದರು. ನೀನು ಓಡಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಸುಮ್ಮನೆ ನಿಂತೆ. ಅವನು ಆ ಕಡೆ ಈ ಕಡೆ ಆಡಿಸಿ, ಕೊನೆಗೆ ಚೆಂಡನ್ನು ಒದ್ದ. ಅದು ನೇರವಾಗಿ ನೀನು ನಿಂತ ಜಾಗಕ್ಕೆ ಬಂತು. ನೀನು ಅದನ್ನು ಕಾಲಿನಲ್ಲಿ ನಿಲ್ಲಿಸಿ, ಪಕ್ಕದವನಿಗೆ ಕೊಟ್ಟು, ಕಾಲುಚೀಲ ಸರಿಮಾಡಿಕೊಂಡೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಏನೋ ಆಗಬೇಕಿದ್ದದ್ದು ಆಗಲಿಲ್ಲ, ಅದಕ್ಕೆ ಯಾರು ತಟ್ಟುತ್ತಾರೆ? ನಾನು ಕೈಯನ್ನು ಶಾಲಿನೊಳಗೆ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ.

ನೀನು ತುಂಬ ಚೆನ್ನಾಗಿ ಆಡುತ್ತಿದ್ದೆ, ಆರ್ಯನ್. ಆರು ವರ್ಷದವನಿದ್ದಾಗಿನಿಂದ ನೋಡಿದ್ದೇನೆ, ಐರ್ಲೆಂಡಿನಲ್ಲೂ ನೋಡಿದ್ದೇನೆ, ಇಲ್ಲಿಯೂ ನೋಡಿದ್ದೇನೆ. ಯಾವ ಮೈದಾನದಲ್ಲಿ ನಿಂತರೂ ಅಲ್ಲಿ ಎಲ್ಲರಿಗಿಂತ ನೀನೇ ಚೆನ್ನಾಗಿ ಆಡುತ್ತಿದ್ದೆ. ಹತ್ತು ವರ್ಷ ಇದನ್ನು ಹೇಳದೆ ಬಾಯಿ ಕಟ್ಟಿಕೊಂಡಿದ್ದೆ. ಈಗ ಹೇಳಬಹುದು. ಕಣ್ಣು ಬೀಳುವುದಕ್ಕೆ ಇನ್ನೇನೂ ಉಳಿದಿಲ್ಲ.

ನಿನ್ನ
ಅಮ್ಮ